ಹಳೇ ಗೋವಾದ ಸೆ ಕೆಥೆಡ್ರಲ್: ಪಕ್ಕದ ಸಣ್ಣ ಚಾಪೆಲ್‌ಗಳನ್ನು ನೋಡೋಕೆ ಎಷ್ಟು ಹೊತ್ತು ಬೇಕು?

ಧಾರವಾಡ ಪೇಡೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅವ್ವನನ್ನು ಕರೆದುಕೊಂಡು ಗೋವಾಕ್ಕೆ ಹೋಗುತ್ತಿದ್ದೇನೆ. ಅವಳಿಗೆ ಬೀಚ್ ಬೇಡವಂತೆ. "ನೀರು ನೋಡಾಕ ಅಷ್ಟ್ ದೂರ ಯಾಕ? ಹಳೇ ಕಟ್ಟಡ ಏನರ ಇದ್ರ ತೋರಸು" ಅಂತಾಳೆ.

ಐದಾರು ವರ್ಷದ ಹಿಂದೆ ಆಫೀಸಿನವರ ಜೊತೆ ಹಳೇ ಗೋವಾಕ್ಕೆ ಹೋಗಿದ್ದೆ. ಬಾಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇಟ್ಟಿರುವ ಪೆಟ್ಟಿಗೆ ನೋಡಿದೆವು. ಆಮೇಲೆ ರಸ್ತೆ ದಾಟಿ ಎದುರಿನ ಬಿಳೀ ಚರ್ಚಿಗೆ, ಅಂದರೆ ಸೆ ಕೆಥೆಡ್ರಲ್‌ಗೆ ಬಂದೆವು. ಅಲ್ಲಿ ಸಿಕ್ಕಿದ್ದು ಹತ್ತೇ ನಿಮಿಷ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಎದುರಿಗೆ ಬಂಗಾರದ ದೊಡ್ಡ ಪೀಠ ಇದ್ದದ್ದು ನೆನಪಿದೆ. ಎರಡೂ ಪಕ್ಕಕ್ಕೆ ಕೋಣೆಗಳ ಹಾಗೆ ಸಾಲಾಗಿ ಏನೋ ಇದ್ದವು. ಒಂದಕ್ಕೆ ಮರದ ಜಾಲರಿ ಇತ್ತು, ಒಳಗೆ ಯಾರೋ ತಲೆ ತಗ್ಗಿಸಿ ಕೂತಿದ್ದರು. ಅದೇನು ಅಂತ ಕೇಳುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ.

ಈ ಸಲ ಆ ಕೋಣೆಗಳನ್ನೇ ನೋಡಬೇಕು ಅಂತಿದೆ. ಅವು ಏನು? ನಮ್ಮಂಥವರು ಒಳಗೆ ಹೋಗಬಹುದಾ? ಅವ್ವನಿಗೆ ಮೊಣಕಾಲು ನೋವು, ಎಲ್ಲವನ್ನೂ ಸುತ್ತಿಸಬೇಕಾ ಅಥವಾ ಒಂದೆರಡು ಸಾಕಾ?

ವಾಸ್ಕೊ ಕನ್ನಡಿಗ

ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯ್ತು, ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಹಾಗಾಗಿ ನೇರವಾಗಿ ಹೇಳುತ್ತೇನೆ.

ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಟೂರ್ ಬಸ್ಸುಗಳು ಬರುತ್ತವೆ, ಆಮೇಲೆ ಒಳಗೆ ಗೈಡ್‌ಗಳ ಗಲಾಟೆ. ಭಾನುವಾರ ಪೂಜೆ ಇರುತ್ತದೆ, ಆಗ ಸುತ್ತಾಡುವುದು ಸರಿಯಲ್ಲ. ಪಣಜಿಯ ಕದಂಬ ಬಸ್ ನಿಲ್ದಾಣದಿಂದ ಹಳೇ ಗೋವಾಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಹತ್ತು ಕಿಲೋಮೀಟರ್ ಅಷ್ಟೆ. ರೈಲಿನಲ್ಲಿ ಬರುವುದಾದರೆ ಕರ್ಮಳಿ ಸ್ಟೇಷನ್ ಹತ್ತಿರ.

ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ. ಅವ್ವ ಸೀರೆಯಲ್ಲೇ ಬರುತ್ತಾರಲ್ವಾ, ಚಿಂತೆ ಇಲ್ಲ. ನಿಮಗೆ ಹೇಳಿದ್ದು.

ಇನ್ನೊಂದು ಮಾತು. ಬಸ್ಸಿನ ಬೋರ್ಡ್ ಸರಿಯಾಗಿ ಓದಿ. "ವೆಲ್ಹಾ ಗೋವಾ" ಬೇರೆ, "ಗೋವಾ ವೆಲ್ಹಾ" ಬೇರೆ. ಮೊದಲನೆಯದು ನಿಮಗೆ ಬೇಕಾದದ್ದು. ಎರಡನೆಯದು ಮಡಗಾಂವ್ ರಸ್ತೆಯಲ್ಲಿರುವ ಇನ್ನೊಂದು ಊರು.

ಕುಡ್ಲ ಕಿಟಕಿ

ಪೇಡೆಯವರೇ, ನಾನು ಮಂಗಳೂರಿನ ಕಥೋಲಿಕಳು. ನಮ್ಮ ಹಿರಿಯರು ಗೋವಾದಿಂದಲೇ ಬಂದವರು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಸೆ ನೋಡಿದ್ದೆ. ಆಗಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ.

ಕೋಣೆಗಳ ಹಾಗೆ ಕಂಡವು ಅಂದಿರಲ್ಲ, ಅವೇ ಚಾಪೆಲ್‌ಗಳು. ನಡುವಿನ ಅಂಕಣದ ಎರಡೂ ಕಡೆ ನಾಲ್ಕು ನಾಲ್ಕು ಇವೆ. ಪ್ರತಿಯೊಂದಕ್ಕೂ ತನ್ನದೇ ಬಲಿಪೀಠ. ಒಂದೇ ಇಗರ್ಜಿಗೆ, ಅಂದರೆ ಚರ್ಚಿಗೆ, ಇಷ್ಟೊಂದು ಪೀಠ ಯಾಕೆ ಅಂತ ನಾನೂ ಅಜ್ಜಿಯನ್ನು ಕೇಳಿದ್ದೆ. "ಫಾದರ್‌ಗಳು ಜಾಸ್ತಿ ಇದ್ರು ಮಗಾ" ಅಂದಿದ್ದರು. ತಮಾಷೆ ಅಂದುಕೊಂಡಿದ್ದೆ, ನಿಜವೇ ಆಗಿತ್ತು. ಈಗ ನಾಲ್ಕೈದು ಗುರುಗಳು ಒಟ್ಟಿಗೆ ನಿಂತು ಒಂದೇ ಬಲಿಪೂಜೆ ಅರ್ಪಿಸುತ್ತಾರೆ. 1960ರ ದಶಕದಲ್ಲಿ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಹಾಗೆ ಮಾಡುವುದು ಅಪರೂಪ. ಪ್ರತಿ ಗುರುವೂ ದಿನಾ ತಾವೇ ಒಂದು ಪೂಜೆ ಹೇಳುವುದು ವಾಡಿಕೆಯಾಗಿತ್ತು. ಕೆಥೆಡ್ರಲ್ ಅಂದರೆ ಬಿಷಪ್ಪರ ಚರ್ಚು, ಗುರುಗಳ ದಂಡೇ ಇರುವ ಜಾಗ. ಪೀಠ ಸಾಲಬೇಕಲ್ಲ! ಜೊತೆಗೆ ಒಂದೊಂದು ಭಕ್ತರ ಸಂಘಕ್ಕೆ ಒಬ್ಬೊಬ್ಬ ಸಂತರ ಮೇಲೆ ಭಕ್ತಿ. ತಮ್ಮ ಸಂತರ ಪೀಠವನ್ನು ಅವರೇ ನೋಡಿಕೊಳ್ಳುತ್ತಿದ್ದರು.

ಎಂಟನ್ನೂ ಸುತ್ತಿಸಬೇಡಿ. ಮರದ ಜಾಲರಿ ಇರುವುದು ಎರಡಕ್ಕೆ ಮಾತ್ರ. ಆ ಎರಡೇ ಸಾಕು.

ಎಡಗಡೆಯದು ಪರಮ ಪ್ರಸಾದದ ಚಾಪೆಲ್. ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು ಅಲ್ಲಿ ಇಟ್ಟಿರುತ್ತಾರೆ. ನಮಗೆ ಅದು ಬರೀ ಗುರುತಲ್ಲ, ಸಾಕ್ಷಾತ್ ಕ್ರಿಸ್ತ. ಅದಕ್ಕೇ ಅಲ್ಲಿ ದೀಪ ಉರಿಯುತ್ತಿರುತ್ತದೆ. ನೀವು ಕಂಡದ್ದು ಅಲ್ಲಿ ಕೂತಿದ್ದವರನ್ನೇ ಇರಬೇಕು. ಯಾರು ಬೇಕಾದರೂ ಒಳಗೆ ಹೋಗಬಹುದು. ಮೊಣಕಾಲೂರಲೇಬೇಕು ಅಂತಿಲ್ಲ. ಅವ್ವ ಸುಮ್ನೆ ಬೆಂಚಿನ ಮೇಲೆ ಕೂರಲಿ. ಫೋಟೋ ಮಾತ್ರ ಬೇಡ, ಮಾತೂ ಬೇಡ.

ಬಲಗಡೆ, ಅದಕ್ಕೆ ಎದುರಿಗೆ, ಪವಾಡಗಳ ಶಿಲುಬೆಯ ಚಾಪೆಲ್. ಪೋರ್ಚುಗೀಸಿನಲ್ಲಿ ಕ್ರೂಸ್ ದೋಸ್ ಮಿಲಾಗ್ರೆಸ್. ಮಂಗಳೂರಿನವರಿಗೆ ಮಿಲಾಗ್ರಿಸ್ ಅನ್ನುವ ಹೆಸರು ಹೊಸದಲ್ಲ ಅಲ್ವಾ? ಅದೇ ಪದ, ಪವಾಡ ಅಂತ ಅರ್ಥ. ಹಳೇ ಗೋವಾದ ಹತ್ತಿರದ ಗುಡ್ಡದ ಮೇಲೆ ಕುರಿ ಕಾಯುವವರು ಒಂದು ಸಾದಾ ಮರದ ಶಿಲುಬೆ ನೆಟ್ಟಿದ್ದರಂತೆ. ಅದು ಬೆಳೆಯಿತಂತೆ. 1619ರಲ್ಲಿ ಅದರ ಮೇಲೆ ಕ್ರಿಸ್ತ ಕಾಣಿಸಿಕೊಂಡರು ಅಂತ ಜನ ನಂಬುತ್ತಾರೆ. ಅಲ್ಲೇ ಇಗರ್ಜಿ ಕಟ್ಟಿದರು. ಶಿಲುಬೆಯನ್ನು ಒಳಗೆ ತರಲು ಹೋದರೆ ಅದು ಇನ್ನೂ ಬೆಳೆದಿತ್ತು, ಬಾಗಿಲು ಅಗಲ ಮಾಡಬೇಕಾಯಿತು ಅಂತ ಕಥೆ. ಸೆಗೆ ಅದನ್ನು ತಂದದ್ದು 1845ರಲ್ಲಿ. ಕಾಯಿಲೆ ಇದ್ದವರು, ಅವರ ಮನೆಯವರು ಇವತ್ತಿಗೂ ಅಲ್ಲಿಗೆ ಬಂದು ಬೇಡಿಕೊಳ್ಳುತ್ತಾರೆ.

ನಮ್ಮ ಕಡೆಯವರಿಗೆ ಆ ಶಿಲುಬೆ ಹತ್ತಿರವಾಗಲು ಇನ್ನೊಂದು ಕಾರಣ ಇದೆ. ಸಂತ ಜೋಸೆಫ್ ವಾಜ್ 1680ರ ದಶಕದ ಶುರುವಿನಲ್ಲಿ ನಮ್ಮ ಕೆನರಾದಲ್ಲಿ ಸೇವೆ ಮಾಡಿದ ಗೋವಾದ ಗುರು. ವಾಪಸ್ ಹೋಗಿ 1685ರಲ್ಲಿ ಸೇರಿಕೊಂಡದ್ದು ಇದೇ ಶಿಲುಬೆಯ ಇಗರ್ಜಿಯಲ್ಲಿದ್ದ ಗೋವಾದ ಗುರುಗಳ ಗುಂಪನ್ನು. ಆಮೇಲೆ ಶ್ರೀಲಂಕಾಕ್ಕೆ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲೇ ಅವರನ್ನು ಸಂತರು ಅಂತ ಘೋಷಿಸಿದರು. ನಮ್ಮಜ್ಜಿ ಆ ಚಾಪೆಲ್ ಮುಂದೆ ನಿಂತರೆ ಶಿಲುಬೆಗಿಂತ ಜಾಸ್ತಿ ಜೋಸೆಫ್ ವಾಜ್ ಕಥೆಯನ್ನೇ ಹೇಳುತ್ತಿದ್ದರು.

ಸುಮ್ನೆ ಓದುಗ

ಬೆಳೆಯುವ ಶಿಲುಬೆ! ನಮ್ಮೂರ ಕಡೆ ಬೆಳೆಯುವ ಬಸವಣ್ಣ ಇದ್ದಾನೆ. ತಲೆಗೆ ಮೊಳೆ ಹೊಡೆದು ನಿಲ್ಲಿಸಿದರು ಅಂತ ಕಥೆ. ಎಲ್ಲಾ ಕಡೆ ದೇವರು ಬೆಳೆಯುತ್ತಾನೆ, ಬಾಗಿಲು ಮಾತ್ರ ಬೆಳೆಯುವುದಿಲ್ಲ.

ಕುಡ್ಲ ಕಿಟಕಿ

ನಗಿ ನಗಿ. ಬೆಳೆಯಿತು ಅಂತ ನಾನು ಅಳತೆ ಪಟ್ಟಿ ಹಿಡಿದು ಹೇಳಿಲ್ಲ. ಜನ ಏನು ಹೇಳುತ್ತಾರೆ ಅಂತ ಹೇಳಿದೆ. ಆದರೆ ಅಲ್ಲಿ ಮೊಣಕಾಲೂರಿದವರ ಪಕ್ಕದಲ್ಲಿ ನಿಂತು ಇದೇ ಜೋಕ್ ಹೇಳಬೇಡಿ.

ಇಟ್ಟಿಗೆ ಮಾಸ್ತರು

ನಾನು ಕಟ್ಟಡಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹುಡುಗರನ್ನು ಪ್ರತಿವರ್ಷ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅವರಿಗೆ ಹೇಳುತ್ತಿದ್ದದ್ದನ್ನೇ ಇಲ್ಲೂ ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ.

ಸೆ ಅಂದರೆ ಪೋರ್ಚುಗೀಸಿನಲ್ಲಿ ಬಿಷಪ್ಪರ ಪೀಠ. ಕಟ್ಟಡ 250 ಅಡಿ ಉದ್ದ, 181 ಅಡಿ ಅಗಲ. ಮುಂಭಾಗ 116 ಅಡಿ ಎತ್ತರ. 1562ರಲ್ಲಿ ಶುರುವಾದದ್ದು, ಮುಖ್ಯ ಕಟ್ಟಡ ಮುಗಿಯುವಾಗ 1619. ಒಳಗಿನ ಪೀಠಗಳ ಕೆಲಸ 1652ರವರೆಗೆ ನಡೆಯಿತು. ಅಂದರೆ ಅಡಿಪಾಯ ಹಾಕಿದವರ ಮೊಮ್ಮಕ್ಕಳು ಚಿನ್ನದ ಲೇಪ ನೋಡಿರಬೇಕು. ಅಷ್ಟು ಹೊತ್ತಿಗೆ ಊರಿನ ಹಣೆಬರಹ ತಿರುಗಲು ಶುರುವಾಗಿತ್ತು. ಸಾಂಕ್ರಾಮಿಕ ರೋಗ, ಜನ ಖಾಲಿ, ಕೊನೆಗೆ 1843ರಲ್ಲಿ ರಾಜಧಾನಿಯೇ ಪಣಜಿಗೆ ಹೋಯಿತು. ಅದಕ್ಕೇ ಇಷ್ಟು ದೊಡ್ಡ ಚರ್ಚಿನ ಸುತ್ತ ಈಗ ಮನೆಗಳೇ ಇಲ್ಲ, ಬರೀ ಹುಲ್ಲು.

ಎದುರಿಗೆ ನಿಂತರೆ ಒಂದೇ ಗೋಪುರ ಕಾಣುತ್ತದೆ, ನಿಮ್ಮ ಎಡಕ್ಕೆ. ಬಲಗಡೆಯದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ಬಂಗಾರದ ಗಂಟೆ ಇದೆ. ಬಂಗಾರದ್ದಲ್ಲ, ನಾದ ಹಾಗಿದೆ ಅಂತ ಆ ಹೆಸರು.

ಈಗ ಚಾಪೆಲ್ ವಿಷಯ. ಈ ಕಟ್ಟಡದ ಗುಟ್ಟು ಅಲ್ಲಿದೆ. ಹೊರಗೆ ಸಾದಾ ಸುಣ್ಣದ ಗೋಡೆ. ಒಳಗೆ ನಡುವಿನ ಅಂಕಣವೂ ಹೆಚ್ಚುಕಡಿಮೆ ಬೋಳು, ಬಿಳುಪು, ಬೆಳಕು. ಆಮೇಲೆ ಪರಮ ಪ್ರಸಾದದ ಚಾಪೆಲ್ಲಿನ ಜಾಲರಿ ದಾಟಿ. ಗೋಡೆ, ಮೇಲ್ಛಾವಣಿ, ಎಲ್ಲೂ ಒಂದು ಗೇಣು ಜಾಗ ಬಿಟ್ಟಿಲ್ಲ, ಚಿನ್ನದ ಲೇಪದ ಕೆತ್ತನೆ. ದೊಡ್ಡದನ್ನು ಖಾಲಿ ಇಟ್ಟು ಸಣ್ಣದನ್ನು ತುಂಬಿಸಿದ್ದಾರೆ. ನಮ್ಮ ಗುಡಿಗಳಲ್ಲಿ ನವರಂಗ ದಾಟಿ ಗರ್ಭಗುಡಿಯ ಕಡೆ ಹೋದ ಹಾಗೆ ಕತ್ತಲಾಗುತ್ತದಲ್ಲ? ಇಲ್ಲಿ ಒಳಹೋದ ಹಾಗೆ ಹೊಳಪು ಜಾಸ್ತಿ.

ಆ ಚಿನ್ನವನ್ನು ಹತ್ತಿರದಿಂದ ನೋಡಿ. ಅಡಿಯಲ್ಲಿರುವುದು ಮರ. ಅದರ ಮೇಲೆ ಸೀಮೆಸುಣ್ಣದ ಥರದ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಅದರ ಮೇಲೆ ಕೆಂಪು ಜೇಡಿ. ಆಮೇಲೆ ಚಿನ್ನದ ತಗಡು, ಉಸಿರು ಬಿಟ್ಟರೆ ಹಾರುವಷ್ಟು ತೆಳು. ಅದನ್ನು ಉಜ್ಜಿ ಉಜ್ಜಿ ಹೊಳಪು ತರಿಸುತ್ತಾರೆ. ಇಂಥ ಕೆಲಸದಲ್ಲಿ ಚಿನ್ನ ಸವೆದ ಕಡೆ ಅಡಿಯ ಕೆಂಪು ಇಣುಕುತ್ತದೆ. ನಮ್ಮ ಹುಡುಗರಿಗೆ ಪೀಠ ನೋಡಬೇಡಿ, ಕೆಂಪು ಹುಡುಕಿ ಅನ್ನುತ್ತಿದ್ದೆ. ಉಳಿ ಹಿಡಿದವರು ಇಲ್ಲಿನ ಕುಶಲಕರ್ಮಿಗಳೇ. ಗೋವಾದ ಚರ್ಚುಗಳ ದೇವದೂತರಲ್ಲಿ ಕೆಲವರ ಕೆನ್ನೆ, ಕಣ್ಣು ನಮ್ಮ ರಥದ ಗೊಂಬೆಗಳ ಹಾಗೆ ಇರುವುದು ಅದಕ್ಕೇ.

ನಡುವಿನ ಪೀಠ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳದು. ಆರು ದೊಡ್ಡ ಫಲಕಗಳಲ್ಲಿ ಅವಳ ಕಥೆ ಇದೆ. ಅವಳಿಗೇ ಯಾಕೆ? ಪೋರ್ಚುಗೀಸರ ದಂಡನಾಯಕ ಆಲ್ಬುಕರ್ಕ್ ಬಿಜಾಪುರದ ಆದಿಲ್ ಶಾಹಿಗಳಿಂದ ಈ ಊರನ್ನು ಗೆದ್ದದ್ದು 1510ರ ನವೆಂಬರ್ 25. ಅವಳ ಹಬ್ಬದ ದಿನ. ಅದೇ ನೆನಪಿಗೆ ಅವನು ಮೊದಲು ಕಟ್ಟಿಸಿದ ಪುಟ್ಟ ಕ್ಯಾಥರೀನ್ ಚಾಪೆಲ್ ಸೆಯ ಹಿಂದೆ, ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿನ ಆಚೆ ಇದೆ. ಈಗಿರುವುದು ಆಮೇಲೆ ಮತ್ತೆ ಕಟ್ಟಿದ್ದು. 1534ರಲ್ಲಿ ಆ ಪುಟ್ಟ ಗೂಡಿಗೇ ಕೆಥೆಡ್ರಲ್ ಪಟ್ಟ ಸಿಕ್ಕಿತ್ತು. ಅಲ್ಲಿಗೆ ಯಾವ ಟೂರ್ ಬಸ್ಸಿನವರೂ ನಡೆಯುವುದಿಲ್ಲ. ಅವ್ವನ ಮೊಣಕಾಲು ಒಪ್ಪಿದರೆ ಹೋಗಿ.

ಪಕ್ಕದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ. ಕದಂಬರ ಕಾಲದ ವೀರಗಲ್ಲುಗಳಿವೆ. ಶುಕ್ರವಾರ ರಜೆ, ನೆನಪಿರಲಿ.

ತುಂಗಾ ತೀರ

ಮಾಸ್ತರೇ, ಅಂದರೆ ಈ ಚಾಪೆಲ್‌ಗಳು ನಮ್ಮಲ್ಲಿ ಮುಖ್ಯ ದೇವರ ಸುತ್ತ ಇರುವ ಪರಿವಾರ ದೇವತೆಗಳ ಗುಡಿಗಳ ಹಾಗೆ ಅಂತಾಯ್ತು. ಗಣಪತಿ ಒಂದು ಮೂಲೆ, ಅಮ್ಮನವರು ಒಂದು ಮೂಲೆ.

ಕುಡ್ಲ ಕಿಟಕಿ

ನೋಡಲು ಹಾಗೇ ಕಾಣುತ್ತದೆ, ಒಪ್ಪುತ್ತೇನೆ. ಸಂತ ಆಂತೋಣಿಯವರ ಚಾಪೆಲ್, ಸಂತ ಸೆಬಾಸ್ಟಿಯನ್‌ರ ಚಾಪೆಲ್ ಅಂತ ಹೆಸರುಗಳಿವೆ. ಆದರೆ ಸಂತರು ನಮಗೆ ದೇವರಲ್ಲ. ನಮ್ಮ ಪರವಾಗಿ ದೇವರ ಹತ್ತಿರ ಮಾತಾಡುವವರು ಅಷ್ಟೆ. ಆಂತೋಣಿಯವರನ್ನು ಕಳೆದ ಬೀಗದ ಕೈ ಹುಡುಕಿಕೊಡಿ ಅಂತ ಕೇಳುತ್ತೇವೆ, ಆದರೆ ಪೂಜೆ ದೇವರಿಗೇ. ನಿಮ್ಮ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಪರಮ ಪ್ರಸಾದ ಇರುವುದೇ ಪಕ್ಕದ ಚಾಪೆಲ್ಲಿನಲ್ಲಿ. ನಿಮ್ಮ ಲೆಕ್ಕದಲ್ಲಿ ಮೂಲ ದೇವರೇ ಮೂಲೆಗೆ ಬಂದ ಹಾಗಾಯಿತು!

ತುಂಗಾ ತೀರ

ಹಾಹಾ, ಸೋತೆ ಅಕ್ಕ.

ನೇರ ಮಾತು

ಎಲ್ಲರೂ ಚಿನ್ನ, ಕೆತ್ತನೆ ಅಂತ ಹೊಗಳುತ್ತಿದ್ದೀರಿ. ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರೆಂದು ಜನರನ್ನು ಹಿಡಿದು ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯದ ಬಗ್ಗೆ ಒಬ್ಬರೂ ಬಾಯಿ ಬಿಡುತ್ತಿಲ್ಲ. ಅದೇ ಬಂಗಾರದ ಗಂಟೆ ಯಾವಾಗ ಬಾರಿಸುತ್ತಿದ್ದರು ಗೊತ್ತಾ?

ಇಟ್ಟಿಗೆ ಮಾಸ್ತರು

ಗೊತ್ತು. ಶಿಕ್ಷೆ ಸಾರುವ ದಿನ ಬಾರಿಸುತ್ತಿದ್ದರು. ನೀವು ಎತ್ತಿದ್ದು ಒಳ್ಳೆಯದಾಯಿತು, ನಾನೇ ಬರೆಯಬೇಕಿತ್ತು. ಗೋವಾದ ಇನ್‌ಕ್ವಿಸಿಷನ್ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಪೂರ್ತಿ ಮುಗಿಯಿತು. ಅದರ ಕಚೇರಿ ಇದ್ದದ್ದು ಸೆಯ ಪಕ್ಕದ ಬಯಲಿನಲ್ಲೇ. ಆದಿಲ್ ಶಾಹಿಗಳ ಹಳೇ ಅರಮನೆಯನ್ನೇ ಅದಕ್ಕೆ ಬಳಸಿಕೊಂಡಿದ್ದರು. ಈಗ ಆ ಕಟ್ಟಡ ಇಲ್ಲ. ಹಿಂದೂಗಳು, ಯಹೂದ್ಯರು, ಮತಾಂತರವಾಗಿಯೂ ಹಳೇ ಪದ್ಧತಿ ಬಿಡದ ಕ್ರೈಸ್ತರು, ಎಲ್ಲರೂ ಅನುಭವಿಸಿದರು. ಹುಡುಗರಿಗೆ ಚಾಪೆಲ್ ತೋರಿಸಿದ ಮೇಲೆ ಆ ಖಾಲಿ ಜಾಗಕ್ಕೂ ಕರೆದೊಯ್ದು ನಿಲ್ಲಿಸುತ್ತಿದ್ದೆ.

ಕುಡ್ಲ ಕಿಟಕಿ

ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಹೇಳುವ ಕಾರಣಗಳಲ್ಲಿ ಅದೂ ಒಂದು. ಬಾಯಿ ಬಿಡದೆ ಇರಲು ನಮಗೇನೂ ಕಾರಣ ಇಲ್ಲ.

ನಿರ್ವಾಹಕರು

ಈ ವಿಷಯದ ಬಗ್ಗೆ ಆಮೇಲೆ ಬಂದ ನಾಲ್ಕು ಪೋಸ್ಟ್ ತೆಗೆದಿದ್ದೇವೆ. ಇತಿಹಾಸ ಮಾತಾಡಿ, ಒಬ್ಬರನ್ನೊಬ್ಬರು ಬೈಯಬೇಡಿ. ಪೇಡೆಯವರು ಇನ್ನೂ ಟಿಕೆಟ್ಟೇ ಮಾಡಿಸಿಲ್ಲ.

ಧಾರವಾಡ ಪೇಡೆ

ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

ಮೊದಲು ತಪ್ಪೊಪ್ಪಿಗೆ. ಮಡಗಾಂವ್‌ನಿಂದ ಬಸ್ ಹತ್ತಿದೆವು. ಕಂಡಕ್ಟರ್ "ಗೋವಾ ವೆಲ್ಹಾ, ಗೋವಾ ವೆಲ್ಹಾ" ಅಂದ ಕೂಡಲೇ ಅವ್ವನ ಕೈ ಹಿಡಿದು ಇಳಿದೆ. ಬಸ್ ಹೋಯಿತು. ಸುತ್ತ ನೋಡಿದರೆ ಕೆಥೆಡ್ರಲ್ ಎಲ್ಲಿ? ವಾಸ್ಕೊ ಕನ್ನಡಿಗರು ಬಾಯಿ ಬಿಟ್ಟು ಹೇಳಿದ್ದರು, ತಪ್ಪು ಪೂರ್ತಿ ನನ್ನದೇ. ಅವ್ವ ರಸ್ತೆ ಪಕ್ಕ ಚೀಲದ ಮೇಲೆ ಕೂತು "ಬಂಗಾರದ ಚರ್ಚ್ ಇದ ಏನು?" ಅಂತ ಪಾನ್ ಅಂಗಡಿ ತೋರಿಸಿದಳು. ಆಟೋ ಹಿಡಿದೆವು. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ.

ತಲುಪುವಾಗ ಹನ್ನೊಂದು. ಟೂರ್ ಬಸ್ಸುಗಳು ಬಂದಾಗಿತ್ತು. ಬಾಗಿಲ ಹತ್ತಿರ ಜ್ಞಾನಸ್ನಾನದ ಕಲ್ಲಿನ ತೊಟ್ಟಿ ನೋಡಿದೆವು. 1532ರದ್ದು, ಸಂತ ಫ್ರಾನ್ಸಿಸ್ ಝೇವಿಯರ್ ಬಳಸಿದ್ದು ಅನ್ನುತ್ತಾರೆ. ಅವ್ವ ಅದರೊಳಗೆ ಇಣುಕಿ ನೀರಿಲ್ಲ ಅಂದಳು.

ಪರಮ ಪ್ರಸಾದದ ಚಾಪೆಲ್‌ಗೆ ಹೋದೆವು. ಹೊರಗೆ ಗೈಡ್ ಒಬ್ಬ ಜೋರಾಗಿ ಅಡಿ ಅಳತೆ ಹೇಳುತ್ತಿದ್ದ. ಜಾಲರಿ ದಾಟಿದರೆ ಆ ದನಿ ಇದ್ದರೂ ದೂರದ್ದು ಅನಿಸಿತು. ಜಾಲರಿಯ ತೂತುಗಳ ಬೆಳಕು ಬೆಂಚಿನ ಮೇಲೆ, ಅವ್ವನ ಸೀರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಮಾಸ್ತರೇ, ಕೆಂಪು ಸಿಕ್ಕಿತು. ಕೈಗೆ ಎಟಕುವ ಎತ್ತರದ ಒಂದು ಬಳ್ಳಿಯ ತುದಿಯಲ್ಲಿ, ಇಟ್ಟಿಗೆ ಬಣ್ಣ. ಅವ್ವನಿಗೆ ತೋರಿಸಿದೆ. "ನಮ್ಮ ದೇವರ ಮಂಟಪದ ಬಣ್ಣ ಹೋದಾಗ ಹಿಂಗ ಕಾಣ್ತದ" ಅಂದಳು.

ಐದು ನಿಮಿಷ ಕೂರೋಣ ಅಂದುಕೊಂಡಿದ್ದೆವು. ಎದ್ದಾಗ ಮುಕ್ಕಾಲು ಗಂಟೆ ಆಗಿತ್ತು. ನಾನು ಮಧ್ಯೆ ಸ್ವಲ್ಪ ತೂಕಡಿಸಿದೆ, ಅದನ್ನೂ ಹೇಳಿಬಿಡುತ್ತೇನೆ.

ಶಿಲುಬೆಯ ಚಾಪೆಲ್ಲಿನಲ್ಲಿ ಅವ್ವನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ತೊಡೆಯ ಮೇಲೆ ಆಸ್ಪತ್ರೆಯ ಎಕ್ಸ್‌ರೇ ಲಕೋಟೆ. ಅದರ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದ್ದರು. ಅವ್ವ ಹೋಗಿ ಅವರ ಪಕ್ಕದಲ್ಲೇ ಕೂತಳು. ಜಾಗ ಬೇಕಾದಷ್ಟಿತ್ತು, ಆದರೂ ಅಲ್ಲೇ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಅವರೇ ಸಿಕ್ಕರು. ಅವರದು ಕೊಂಕಣಿ, ಇವಳದು ಧಾರವಾಡ ಕನ್ನಡ. ಇವಳು ಲಕೋಟೆ ತೋರಿಸಿ "ಯಾರದು?" ಅಂದಳು. ಅವರು ಕೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ತೋರಿಸಿದರು. ಮೊಮ್ಮಗು ಇರಬೇಕು. ಅವ್ವ ಚೀಲದಿಂದ ಪೇಡೆ ಡಬ್ಬಿ ತೆಗೆದು, ನಾಲ್ಕು ಪೇಡೆ ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಟ್ಟಳು.

ಉಳಿದ ಚಾಪೆಲ್‌ಗಳ ಮುಂದೆ ನಡೆದು ಹೋದೆವು ಅಷ್ಟೆ. ಪುಟ್ಟ ಕ್ಯಾಥರೀನ್ ಚಾಪೆಲ್‌ಗೂ ನಿಧಾನಕ್ಕೆ ಹೋದೆವು. ಅಲ್ಲಿ ನಾವಿಬ್ಬರು ಮತ್ತು ಒಂದು ನಾಯಿ. ವೀರಗಲ್ಲು ನೋಡಲಾಗಲಿಲ್ಲ. ಶುಕ್ರವಾರ!

ಇಟ್ಟಿಗೆ ಮಾಸ್ತರು

ಶುಕ್ರವಾರ ಅಂತ ಸ್ಪಷ್ಟವಾಗಿ ಬರೆದಿದ್ದೆನಲ್ರೀ!

ಆದರೆ ಬೇಜಾರು ಬೇಡ. ನೀವು ತಪ್ಪಿ ಇಳಿದಿರಲ್ಲ ಗೋವಾ ವೆಲ್ಹಾ, ಅದೇ ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದ ಜಾಗ. ಅವ್ವ ಚೀಲದ ಮೇಲೆ ಕೂತದ್ದು ಹಳೇ ಗೋವಾಕ್ಕಿಂತ ಹಳೇ ಊರಿನಲ್ಲಿ.

ಧಾರವಾಡ ಪೇಡೆ

ಇದನ್ನು ಅವ್ವನಿಗೆ ಓದಿ ಹೇಳಿದೆ. "ಮತ್ತ ಆಟೋದವಂಗ ಅಷ್ಟ್ ರೊಕ್ಕ ಕೊಟ್ಟು ಯಾಕ ಬಂದ್ವಿ?" ಅಂದಳು.

ವಾಸ್ಕೊ ಕನ್ನಡಿಗ

ಎಷ್ಟು ಕೊಟ್ಟಿರಿ, ಹೇಳಿಬಿಡಿ. ನಾವೇನೂ ನಗುವುದಿಲ್ಲ.

ಸುಮ್ನೆ ಓದುಗ

ನಾನು ನಗುತ್ತೇನೆ. ಅಂದಹಾಗೆ ಮುಂದಿನ ತಿಂಗಳು ನಾನೂ ಹೋಗುವವನಿದ್ದೇನೆ. ಹುಬ್ಬಳ್ಳಿಯಿಂದ ರಾತ್ರಿ ಹೊರಟು ಬೆಳಿಗ್ಗೆ ಬೇಗ ಅಲ್ಲಿರಬೇಕು ಅಂದರೆ ಬಸ್ಸಾ, ರೈಲಾ? ಆ ಶಿಲುಬೆ ನೋಡಬೇಕು. ಜೋಕ್ ಮಾಡುವುದಿಲ್ಲ ಕುಡ್ಲ ಅಕ್ಕ, ಮಾತು ಕೊಟ್ಟೆ.